ಯುಪಿಎಸ್ ಕೂಗಿದರೆ ಕೇಳಿಸಿಕೊಳ್ಳುವವರು ಯಾರು?

ಮಲೆನಾಡಿನಲ್ಲಿ ಜೂನ್ ಹತ್ತಿರ ಬಂತೆಂದರೆ ನನಗೆ ಬರುವ ಫೋನುಗಳ ಧಾಟಿ ಬದಲಾಗುತ್ತದೆ. ಬೇಸಿಗೆಯಲ್ಲಿ ಪ್ರಿಂಟರ್, ಟೋನರ್ ಎನ್ನುತ್ತಿದ್ದವರು ಈಗ "ಸರ್ವರ್ ಎದ್ದೇಳ್ತಾ ಇಲ್ಲ ಮಾರಾಯ್ರೆ, ಸ್ವಲ್ಪ ಬಂದು ಹೋಗಿ" ಎನ್ನುತ್ತಾರೆ. ರಾತ್ರಿ ಎಲ್ಲೋ ಲೈನಿನ ಮೇಲೆ ಮರ ಬಿದ್ದಿರುತ್ತದೆ. ಯುಪಿಎಸ್ ತನ್ನ ಶಕ್ತಿ ಇರುವಷ್ಟು ಹೊತ್ತು ಬೀಪ್ ಬೀಪ್ ಎಂದು ಖಾಲಿ ಕಚೇರಿಯಲ್ಲಿ ಕೂಗಿ, ಕೊನೆಗೆ ಸುಮ್ಮನಾಗಿರುತ್ತದೆ. ಅದರ ಜೊತೆಗೆ ಡೇಟಾಬೇಸೂ ಅರ್ಧ ಬರೆದ ಸಾಲಿನಲ್ಲೇ ನಿಂತಿರುತ್ತದೆ.

ನಾನು ನೋಡಿಕೊಳ್ಳುವ ಒಂದು ಸಹಕಾರ ಸಂಘದ ಕಚೇರಿಯಲ್ಲಿ ಈ ಮಳೆಗಾಲಕ್ಕೆ ಮುಂಚೆ ಇದಕ್ಕೊಂದು ವ್ಯವಸ್ಥೆ ಮಾಡಿದೆವು. ಅಲ್ಲಿರುವುದು ದೊಡ್ಡದೇನಲ್ಲ: ಲೆಕ್ಕದ ಸಾಫ್ಟ್‌ವೇರ್ ಇರುವ ಒಂದು ಲಿನಕ್ಸ್ ಸರ್ವರ್, ಬ್ಯಾಕಪ್ಪಿಗೆ ಸಿನಾಲಜಿ ಕಂಪನಿಯ ಒಂದು ನ್ಯಾಸ್ (ನೆಟ್‌ವರ್ಕಿನಲ್ಲಿ ಕೂತ ಡಿಸ್ಕಿನ ಪೆಟ್ಟಿಗೆ), ಇವನ್ನೆಲ್ಲ ಜೋಡಿಸುವ ನೆಟ್‌ವರ್ಕ್ ಸ್ವಿಚ್, ಫೈಬರ್ ಮೋಡೆಮ್, ಎಲ್ಲದಕ್ಕೂ ಸೇರಿ 1 ಕೆವಿಎ ಯುಪಿಎಸ್. ಸೆಕ್ರೆಟರಿಯವರ ಪ್ರಶ್ನೆ ನೇರವಾಗಿತ್ತು. "ಯುಪಿಎಸ್ ಇದೆಯಲ್ಲ, ಮತ್ತೆ ಇನ್ನೇನು?" ಇರುವುದು ಬೇರೆ, ಅದು ಹೇಳಿದ್ದು ಸರ್ವರಿಗೆ ತಲುಪುವುದು ಬೇರೆ. ಎಷ್ಟೋ ಕಚೇರಿಗಳಲ್ಲಿ ಯುಪಿಎಸ್ಸಿನ ಹಿಂದಿರುವ ಯುಎಸ್‌ಬಿ ಕಿಂಡಿಗೆ ಕೊಂಡ ದಿನದ ಪ್ಲಾಸ್ಟಿಕ್ ಮುಚ್ಚಳ ಇನ್ನೂ ಹಾಗೇ ಇರುತ್ತದೆ.

ಬಳಸಿದ್ದು ನಟ್, ಅಂದರೆ ನೆಟ್‌ವರ್ಕ್ ಯುಪಿಎಸ್ ಟೂಲ್ಸ್. ಯುಪಿಎಸ್ ಹೇಳಿದ್ದನ್ನು ಕಂಪ್ಯೂಟರುಗಳಿಗೆ ಮುಟ್ಟಿಸುವ ಬಿಟ್ಟಿ ತಂತ್ರಾಂಶ, ಹಳೆಯದು, ಗಟ್ಟಿ. ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ತಂದು ಯುಪಿಎಸ್ಸಿನ ಯುಎಸ್‌ಬಿ ತಂತಿಯನ್ನು ಅದಕ್ಕೆ ಸಿಕ್ಕಿಸಿದೆ. ಅದರಲ್ಲಿ ಡ್ರೈವರ್ ಯುಪಿಎಸ್ ಜೊತೆ ಮಾತಾಡುತ್ತದೆ, ಯುಪಿಎಸ್‌ಡಿ ಎಂಬ ಸರ್ವರ್ ತಂತ್ರಾಂಶ ಆ ಸುದ್ದಿಯನ್ನು 3493ನೇ ಪೋರ್ಟಿನಲ್ಲಿ ಹಂಚುತ್ತದೆ, ಪ್ರತಿ ಯಂತ್ರದಲ್ಲೂ ಕೂತ ಯುಪಿಎಸ್‌ಮಾನ್ ಅದನ್ನು ಕೇಳುತ್ತಿರುತ್ತದೆ. ಯುಪಿಎಸ್ಸಿಗೆ ನೇರ ಸೇರಿ ಕೊನೆಗೆ ಮುಚ್ಚಿಕೊಳ್ಳುವ ಪೈ ಪ್ರೈಮರಿ, ಅದರ ಮಾತು ಕೇಳಿ ಮೊದಲೇ ಮುಚ್ಚಿಕೊಳ್ಳುವ ಉಳಿದವು ಸೆಕೆಂಡರಿ. ನಮ್ಮ ಕಡೆಯ ಅಗ್ಗದ ಯುಪಿಎಸ್‌ಗಳಲ್ಲಿ ಹೆಚ್ಚಿನವು ಮೆಗಾಟೆಕ್ ಎಂಬ ಹಳೆಯ ಸಂವಹನ ಭಾಷೆಯನ್ನೇ ಆಡುವುದರಿಂದ 'ನಟ್‌ಡ್ರೈವ್ ಕ್ಯೂಎಕ್ಸ್' ಡ್ರೈವರ್ ಸಾಕಾಗುತ್ತದೆ. ಮೇಲಿರುವ ಕಂಪನಿಯ ಹೆಸರು ನೋಡಿ ಡ್ರೈವರ್ ಹುಡುಕಬೇಡಿ. ಯುಎಸ್‌ಬಿ ಪಟ್ಟಿಯಲ್ಲಿ 0665:5161 ಎಂಬ ಸಂಖ್ಯೆ ಕಂಡರೆ ಬಹುತೇಕ ಇದೇ ಜಾತಿ.

ಯುಪಿಎಸ್‌ಡಿ ಹಾಕಿದ ಕೂಡಲೇ ತನ್ನ ಯಂತ್ರದವರಿಗೆ ಮಾತ್ರ ಕಿವಿಗೊಡುತ್ತದೆ. ಅದರ ಕಾನ್ಫಿಗರೇಶನ್ನಿನ 'ಲಿಸನ್' ಸಾಲಿನಲ್ಲಿ ಲ್ಯಾನ್ (ಕಚೇರಿಯ ಒಳನೆಟ್‌ವರ್ಕ್) ವಿಳಾಸ ಕೊಟ್ಟರೆ ಮಾತ್ರ ಹೊರಗಿನವರಿಗೆ ಕೇಳುತ್ತದೆ. ಪಾಸ್‌ವರ್ಡ್ ಗೂಢಲಿಪಿಯಿಲ್ಲದೆ ಬಿಚ್ಚು ಅಕ್ಷರದಲ್ಲೇ ಓಡಾಡುವುದರಿಂದ ಈ ಪೋರ್ಟನ್ನು ಕಚೇರಿಯ ಒಳಗೇ ಕಟ್ಟಿಹಾಕಿ. ಸಿನಾಲಜಿಯ ಒಳಗಿರುವುದೂ ನಟ್‌ನ ಕ್ಲೈಂಟೇ. ಆದರೆ ಅದಕ್ಕೆ ಯುಪಿಎಸ್ ಹೆಸರು ಇಂಗ್ಲಿಷ್ ಸಣ್ಣಕ್ಷರದಲ್ಲಿ 'ಯುಪಿಎಸ್' ಎಂದೇ ಇರಬೇಕು, ಬಳಕೆದಾರ 'ಮಾನ್‌ಯೂಸರ್', ಪಾಸ್‌ವರ್ಡ್ 'ಸೀಕ್ರೆಟ್'. ಜಗತ್ತಿಗೆಲ್ಲ ಗೊತ್ತಿರುವ ಗುಟ್ಟು! ಆ ಬಳಕೆದಾರನಿಗೆ ಸೆಕೆಂಡರಿ ಅಧಿಕಾರ ಬಿಟ್ಟು ಬೇರೇನೂ ಕೊಡಬೇಡಿ, ಅಷ್ಟೇ.

ಇಷ್ಟು ಯಾರು ಬೇಕಾದರೂ ಒಂದು ಸಂಜೆಯಲ್ಲಿ ಮಾಡಬಹುದು. ಕೆಲಸ ಇರುವುದು ಮುಂದೆ.

ಮೊದಲು ಸ್ವಿಚ್. ಆ ಕಚೇರಿಯಲ್ಲಿ ಸ್ವಿಚ್ಚಿನ ಅಡಾಪ್ಟರ್ ಗೋಡೆಯ ಸಾದಾ ಪ್ಲಗ್ಗಿನಲ್ಲಿತ್ತು. ಎಲೆಕ್ಟ್ರಿಷಿಯನ್ ಅಣ್ಣ "ಅದಕ್ಕೆಂತ ಯುಪಿಎಸ್, ನೆಟ್ ಇಲ್ಲದಿದ್ರೆ ಸತ್ತು ಹೋಗ್ತೇವಾ?" ಎಂದ. ಕರೆಂಟ್ ಹೋದ ಕ್ಷಣವೇ ಸ್ವಿಚ್ ಆರಿದರೆ ಏನಾಗುತ್ತದೆ ನೋಡಿ. ಯುಪಿಎಸ್‌ಮಾನ್ 5 ಸೆಕೆಂಡಿಗೊಮ್ಮೆ ಕೇಳುತ್ತದೆ. ಕೊನೆಯ ಸಲ ಕೇಳಿದಾಗ ಬಂದ ಉತ್ತರ 'ಓಎಲ್', ಅಂದರೆ ಲೈನ್ ಕರೆಂಟ್ ಇದೆ. ಮುಂದಿನ ಸಲ ಉತ್ತರವೇ ಇಲ್ಲ. ಬ್ಯಾಟರಿಯ ಮೇಲಿದ್ದಾಗ ಸಂಪರ್ಕ ತಪ್ಪಿದರೆ, 'ಡೆಡ್‌ಟೈಮ್' ಎಂಬ ಕಾಯುವ ಅವಧಿ ಮುಗಿದ ಮೇಲೆ ನಟ್ ಅಪಾಯವೆಂದು ಬಗೆದು ಯಂತ್ರವನ್ನು ಮುಚ್ಚುತ್ತದೆ. ಲೈನಿನ ಮೇಲಿದ್ದಾಗ ತಪ್ಪಿದರೆ ಬರೀ ತಂತಿಯ ತೊಂದರೆ ಎಂದುಕೊಂಡು ಸುಮ್ಮನಿರುತ್ತದೆ. ಸರ್ವರ್ ನಿಶ್ಚಿಂತೆಯಿಂದ ಓಡುತ್ತಾ ಓಡುತ್ತಾ ಬ್ಯಾಟರಿ ಮುಗಿದಲ್ಲಿ ಬೀಳುತ್ತದೆ. ಎಲ್ಲ ಕಾನ್ಫಿಗರೇಶನ್ ಸರಿಯಿದ್ದೂ ಹೀಗಾಗುತ್ತದೆ. ಆ ಅಡಾಪ್ಟರ್ ಜಾಗ ಬದಲಿಸಿದ್ದೇ ಇಡೀ ಕೆಲಸದ ಅತಿ ಮುಖ್ಯ ಭಾಗ, ಅದಕ್ಕೆ ಒಂದೇ ಒಂದು ಸಾಲನ್ನೂ ಟೈಪ್ ಮಾಡಬೇಕಿರಲಿಲ್ಲ.

ಎರಡನೆಯದು ಪರ್ಸೆಂಟೇಜ್. ಯುಪಿಎಸ್ 100 ಎಂದು ತೋರಿಸುವುದನ್ನು ನಮ್ಮವರು ಮೊಬೈಲ್ ಬ್ಯಾಟರಿಯಂತೆ ನಂಬುತ್ತಾರೆ. ಈ ಮೆಗಾಟೆಕ್ ಜಾತಿಯವು ಬ್ಯಾಟರಿಯ ಅಳತೆಯೆಂದು ಕೊಡುವುದು ಬರೀ ವೋಲ್ಟೇಜ್. ಪರ್ಸೆಂಟೇಜ್ ಎನ್ನುವುದು ಅದರಿಂದ ನಟ್ ಕಟ್ಟಿದ ಅಂದಾಜು. ಚಾರ್ಜ್ ಆಗುತ್ತಿರುವಾಗ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ 13.5ರ ಆಸುಪಾಸಿನಲ್ಲಿರುತ್ತದೆ, ಸತ್ತ ಬ್ಯಾಟರಿಯೂ ಅಷ್ಟೇ ತೋರಿಸಬಲ್ಲದು. ಕರೆಂಟ್ ಹೋಗಿ ಲೋಡ್ ಬಿದ್ದ ಕೂಡಲೇ ಅದರ ನಿಜಬಣ್ಣ ಹೊರಬೀಳುತ್ತದೆ. ಇನ್ನು ಮೇಲಿನ ಚೀಟಿಯ 7 ಎಎಚ್ (ಆಂಪಿಯರ್-ಅವರ್) ಎನ್ನುವುದು ಸಾಮಾನ್ಯವಾಗಿ 20 ಗಂಟೆ ಹೊತ್ತು ನಿಧಾನಕ್ಕೆ ಖಾಲಿ ಮಾಡಿದಾಗಿನ ಲೆಕ್ಕ. ಅಂಥ ಎರಡು ಬ್ಯಾಟರಿಯಿಂದ ಕಾಗದದ ಮೇಲೆ 168 ವ್ಯಾಟ್-ಅವರ್ ಬರುತ್ತದೆ, ಅರ್ಧ ಗಂಟೆಯಲ್ಲಿ ಹೀರಿದರೆ ಅಷ್ಟು ಸಿಗುವುದೇ ಇಲ್ಲ.

ಹಾಗಾಗಿ 'ಲೋ ಬ್ಯಾಟರಿ' ಸಂದೇಶಕ್ಕಾಗಿ ಕಾಯುವುದನ್ನು ಬಿಟ್ಟು ಗಡಿಯಾರಕ್ಕೆ ಕಟ್ಟಿದೆ. ಯುಪಿಎಸ್‌ಸ್ಕೆಡ್ ಎಂಬ ನಟ್‌ನ ಭಾಗ ಇರುವುದೇ ಇದಕ್ಕೆ: ಬ್ಯಾಟರಿಗೆ ಹೋದೊಡನೆ ಟೈಮರ್ ಶುರು, ಲೈನ್ ಬಂದೊಡನೆ ಟೈಮರ್ ರದ್ದು, ಟೈಮರ್ ಮುಗಿದರೆ ಎಲ್ಲರನ್ನೂ ಮುಚ್ಚಿಸುವ 'ಎಫ್‌ಎಸ್‌ಡಿ' ಆಜ್ಞೆ. ಅಲ್ಲಿ ಡೀಸೆಲ್ ಜನರೇಟರ್ ಇದೆ, ಆದರೆ ಕೈಯಲ್ಲಿ ಶುರು ಮಾಡಬೇಕು. ಹಗಲಲ್ಲಿ ಜವಾನರು ಚಹಾ ಮುಗಿಸಿ ಕೆಳಗಿಳಿದು ಶುರು ಮಾಡುವಷ್ಟು ಹೊತ್ತು ಕೊಡಬೇಕು, ರಾತ್ರಿ ಕಾದು ಪ್ರಯೋಜನವಿಲ್ಲ. ಆದ್ದರಿಂದ ಎರಡು ಟೈಮರ್: 180 ಸೆಕೆಂಡಿನದು ಮತ್ತು 600 ಸೆಕೆಂಡಿನದು. ಮೊದಲನೆಯದು ಮುಗಿದಾಗ ಸ್ಕ್ರಿಪ್ಟ್ ಗಂಟೆ ನೋಡುತ್ತದೆ. ಕಚೇರಿ ಮುಚ್ಚಿದ ಹೊತ್ತಾದರೆ ಆಗಲೇ ಮುಚ್ಚಿಸುತ್ತದೆ, ಕಚೇರಿ ವೇಳೆಯಾದರೆ ಎರಡನೆಯದಕ್ಕೆ ಬಿಡುತ್ತದೆ. ಜನರೇಟರಿನದ್ದು ಇನ್ನೊಂದು ತಕರಾರು. ಶುರುವಾದ ಮೊದಲಿಗೆ ಅದರ ಫ್ರೀಕ್ವೆನ್ಸಿ 50 ಹರ್ಟ್ಜ್ ಹತ್ತಿರ ನಿಲ್ಲದೆ ತೂಗಾಡುತ್ತದೆ, ಯುಪಿಎಸ್ ಅದನ್ನು ಒಪ್ಪಿ, ಮತ್ತೆ ಬಿಟ್ಟು, ಮತ್ತೆ ಒಪ್ಪುತ್ತದೆ. ಪ್ರತಿ ಸಲವೂ ಮೆಸೇಜ್ ಕಳಿಸಿದರೆ ಸೆಕ್ರೆಟರಿಯವರು ನನ್ನ ನಂಬರ್ ಬ್ಲಾಕ್ ಮಾಡುತ್ತಾರೆ. ಸುದ್ದಿಗೂ ಬೇರೆ ಟೈಮರ್ ಇಟ್ಟಿದ್ದೇನೆ.

ಮೂರನೆಯದು, ಕರೆಂಟ್ ಮರಳಿ ಬಂದ ಮೇಲೆ. ಸರ್ವರಿನ ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗಿನಲ್ಲಿ) 'ವಿದ್ಯುತ್ ಬಂದಾಗ ಆನ್ ಆಗು' ಎಂದು ಇಟ್ಟರೆ ಸಾಕು ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಸರ್ವರ್ ಮುಚ್ಚಿಕೊಂಡ ಮರುನಿಮಿಷಕ್ಕೇ ಕರೆಂಟ್ ಬಂದರೆ? ಯುಪಿಎಸ್ ಕೊಡುವ ವಿದ್ಯುತ್ ನಡುವೆ ಕಡಿದೇ ಇಲ್ಲ, ಹಾಗಾಗಿ ಸರ್ವರಿನ ಪಾಲಿಗೆ ವಿದ್ಯುತ್ 'ಬಂದೂ' ಇಲ್ಲ. ಮಲಗಿದ್ದು ಮಲಗಿಯೇ ಇರುತ್ತದೆ, ಬೆಳಿಗ್ಗೆ ನನಗೆ ಫೋನ್ ಬರುತ್ತದೆ. ಇದಕ್ಕೆ ನಟ್‌ನಲ್ಲಿ ಒಳ್ಳೆಯ ಉಪಾಯವಿದೆ. ಪ್ರೈಮರಿ ತಾನು ಮುಚ್ಚಿಕೊಳ್ಳುವ ಕೊನೆಯಲ್ಲಿ ಯುಪಿಎಸ್ಸಿಗೆ "ಇಷ್ಟು ಸೆಕೆಂಡ್ ಬಿಟ್ಟು ನೀನೂ ಆರು, ಲೈನ್ ಇದ್ದರೆ ಮತ್ತೆ ಹೊತ್ತಿಕೋ" ಎಂದು ಹೇಳಿ ಹೋಗುತ್ತದೆ. ನಡುವೆ ಕರೆಂಟ್ ಬಂದಿದ್ದರೂ ಒಂದು ಸಲ ಕಡಿದೇ ಕೊಡುತ್ತದೆ.

ಇಲ್ಲಿ 'ಆಫ್‌ಡಿಲೇ', ಅಂದರೆ ಆ "ಇಷ್ಟು ಸೆಕೆಂಡ್" ಎಷ್ಟೆಂದು, ನೋಡಿಕೊಳ್ಳಿ. ನಟ್‌ಡ್ರೈವ್ ಕ್ಯೂಎಕ್ಸ್‌ನಲ್ಲಿ ತಾನಾಗಿ ಇರುವುದು 30 ಸೆಕೆಂಡ್. ಪ್ರೈಮರಿಯು ಸೆಕೆಂಡರಿಗಳಿಗಾಗಿ 'ಹೋಸ್ಟ್‌ಸಿಂಕ್' ಹೊತ್ತು, ಸಾಮಾನ್ಯವಾಗಿ 15 ಸೆಕೆಂಡ್, ಕಾಯುತ್ತದೆ ನಿಜ. ಆದರೆ ಅದು ಕಾಯುವುದು ಅವು ಸಂಪರ್ಕ ಬಿಡಲಿ ಎಂದು, ಪೂರ್ತಿ ಮುಚ್ಚಿಕೊಳ್ಳಲಿ ಎಂದಲ್ಲ. ಪೈ ಕಣ್ಣುಮುಚ್ಚಿ ತೆಗೆಯುವುದರೊಳಗೆ ಮಲಗುತ್ತದೆ, ಡೇಟಾಬೇಸ್ ಇರುವ ಸರ್ವರ್ ನಿಧಾನ. ಕೈಯಲ್ಲಿ ಗಡಿಯಾರ ಹಿಡಿದು ಸರ್ವರ್ ಮತ್ತು ನ್ಯಾಸ್ ಎಷ್ಟು ಹೊತ್ತಿಗೆ ಆರುತ್ತವೆ ನೋಡಿ, ನಿಧಾನದ್ದಕ್ಕಿಂತ ಧಾರಾಳವಾಗಿ ಹೆಚ್ಚು ಇಟ್ಟೆ. ಪರೀಕ್ಷೆ ಮಾಡಿದ್ದು ಭಾನುವಾರ, ಗೋಡೆಯ ಸ್ವಿಚ್ ಆರಿಸಿ. ಕಂಪ್ಯೂಟರಿನಲ್ಲಿ ಕೂತು ಅಣಕು ಆಜ್ಞೆ ಕೊಟ್ಟು ನೋಡುವ ಪರೀಕ್ಷೆಯ ಮೇಲೆ ನನಗೆ ವಿಶ್ವಾಸವಿಲ್ಲ. ಸ್ವಿಚ್ಚಿನ ಅಡಾಪ್ಟರ್ ಎಲ್ಲಿದೆ ಎಂದು ಅದು ಹೇಳುವುದಿಲ್ಲ.

ದೊಡ್ಡ ಯುಪಿಎಸ್ ಇರುವವರಿಗೆ ಎಸ್‌ಎನ್‌ಎಂಪಿ ಕಾರ್ಡ್, ಅಂದರೆ ಯುಪಿಎಸ್ಸನ್ನೇ ನೇರ ನೆಟ್‌ವರ್ಕಿಗೆ ಸೇರಿಸುವ ಬಿಡಿಭಾಗ, ಸಿಗುತ್ತದೆ, ಪೈ ಬೇಕಿಲ್ಲ. 1994ರ ಆರ್‌ಎಫ್‌ಸಿ 1628 ಎಂಬ ಅಂತರ್ಜಾಲದ ಮಾನಕ ದಾಖಲೆ ಅದರ ಪದಕೋಶ. ನಟ್‌ನ ಎಸ್‌ಎನ್‌ಎಂಪಿ ಡ್ರೈವರಿಗೂ ಅದು ಗೊತ್ತು. ಪಾಸ್‌ವರ್ಡಿನಂತೆ ಕೆಲಸ ಮಾಡುವ ಕಮ್ಯುನಿಟಿ ಹೆಸರನ್ನು 'ಪಬ್ಲಿಕ್' ಎಂದೇ ಬಿಡಬೇಡಿ. ಕಾರ್ಡ್ ತಾನಾಗಿ ಕಳಿಸುವ 'ಟ್ರ್ಯಾಪ್' ಎಂಬ ಎಚ್ಚರಿಕೆ ಒಂದನ್ನೇ ನೆಚ್ಚಿಕೊಳ್ಳಲೂ ಬೇಡಿ: ಯುಡಿಪಿಯಲ್ಲಿ ಹೋಗುತ್ತದೆ, ತಲುಪಿತೋ ಇಲ್ಲವೋ ಕಳಿಸಿದವರಿಗೆ ತಿಳಿಯುವುದಿಲ್ಲ.

ಈಗ ಯುಪಿಎಸ್‌ಲಾಗ್ ಎಂಬ ನಟ್‌ನ ಇನ್ನೊಂದು ಭಾಗ ಬ್ಯಾಟರಿಯ ವೋಲ್ಟೇಜನ್ನು ಬರೆದಿಡುತ್ತಿದೆ. ಕರೆಂಟ್ ಹೋದ ಮೊದಲ ನಿಮಿಷದಲ್ಲಿ ವೋಲ್ಟೇಜ್ ಎಷ್ಟು ಕುಸಿಯಿತು ಎನ್ನುವುದನ್ನು ಮಾತ್ರ ನಾನು ನೋಡುತ್ತೇನೆ. ನಮ್ಮ ಮಳೆಗಾಲ ಬೇಕಾದಷ್ಟು ಲೋಡ್ ಟೆಸ್ಟ್ ಬಿಟ್ಟಿಯಾಗಿ ಮಾಡಿಕೊಡುತ್ತದೆ. ವಾರದಿಂದ ವಾರಕ್ಕೆ ಆ ಕುಸಿತ ಆಳವಾಗುತ್ತಿರುವುದು ಕಂಡು ಬ್ಯಾಟರಿ ಬದಲಿಸಿ ಎಂದೆ. ಎಲೆಕ್ಟ್ರಿಷಿಯನ್ ಅಣ್ಣ ಮೀಟರ್ ಇಟ್ಟು "13.6 ಉಂಟಲ್ಲ, ಚೆಂದ ಉಂಟು" ಎಂದ. ಗೋಡೆಯ ಸ್ವಿಚ್ ಆರಿಸಿ ಮೀಟರ್ ಅಲ್ಲೇ ಹಿಡಿದಿರಲು ಹೇಳಿದೆ. ಮುಳ್ಳು ಇಳಿಯುವುದನ್ನು ನೋಡಿ, ಎರಡೂ ಬ್ಯಾಟರಿಗೆ ಕೊಟೇಶನ್ ತರಿಸುವ ಚೀಟಿಯನ್ನು ಅವನೇ ಬರೆದು ಸೆಕ್ರೆಟರಿಯವರ ಮೇಜಿನ ಮೇಲಿಟ್ಟ.