ಟೆಂಟ್ ಹಾಕುವ ಮೊದಲು ಹಳ್ಳದ ಮೇಲಕ್ಕೆ ನಡೆಯಿರಿ

ನಾನು ಕೆಲಸ ಮಾಡುವುದು ಶಿರಸಿ ಕಡೆಯ ಘಟ್ಟದಲ್ಲಿ, ಅಘನಾಶಿನಿಗೆ ಹೋಗಿ ಸೇರುವ ಒಂದು ಹಳ್ಳದ ದಂಡೆಯ ಕ್ಯಾಂಪಿನಲ್ಲಿ. ಅಡಿಕೆ ತೋಟದ ಅಂಚಿನ ಮಾಲ್ಕಿ ಜಾಗ ಅದು. ಆಚೆ ದಡ ಪೂರ್ತಿ ಕಾಡು. ಟೆಂಟ್ ಕಟ್ಟುವುದು, ಬಂದವರನ್ನು ನೀರಿಗೆ ಕರೆದುಕೊಂಡು ಹೋಗುವುದು, ಅಡುಗೆಗೆ ಕೈ ಹಾಕುವುದು, ರಾತ್ರಿ ಎದ್ದು ನೋಡುವುದು, ಇವೆಲ್ಲ ನಮ್ಮ ಮೂರ್ನಾಲ್ಕು ಜನರ ಪಾಲಿಗೆ.

ಫೋನ್ ಮಾಡುವವರು ಮೊದಲು ಕೇಳುವುದು ಒಂದೇ ಮಾತು. ‘ಸರ್, ನೀರಿನ ಪಕ್ಕದಲ್ಲೇ ಟೆಂಟ್ ಸಿಗುತ್ತಾ?’ ಆಸೆ ಸಹಜವೇ. ಬೆಂಗಳೂರು, ಹುಬ್ಬಳ್ಳಿಯಿಂದ ಇಷ್ಟು ದೂರ ಬರುವುದೇ ನೀರಿನ ಸಪ್ಪಳ ಕೇಳುತ್ತಾ ಮಲಗೋಣ ಅಂತ. ಆದರೆ ನೀರಿನ ಪಕ್ಕದಲ್ಲಿ ನಾವು ಒಂದು ಟೆಂಟನ್ನೂ ಹಾಕುವುದಿಲ್ಲ. ಯಾಕೆ ಅಂತ ತಿಳಿಸಿ ಹೇಳುವುದೇ ನನ್ನ ಕೆಲಸದಲ್ಲಿ ದೊಡ್ಡ ಪಾಲು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕ್ಯಾಂಪ್ ನಡೆಸುವ ಯೋಚನೆ ಇರುವವರಿಗೆ ಮಾತ್ರ ಅಲ್ಲ, ಗೆಳೆಯರ ಜೊತೆ ಸುಮ್ನೆ ಎಲ್ಲೋ ಹೋಗಿ ಟೆಂಟ್ ಹಾಕುವವರಿಗೂ ಇದು ಬೇಕಾಗುತ್ತದೆ.

ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರು ಮೊದಲು ಟೆಂಟ್ ಕಟ್ಟುವುದನ್ನು ಕಲಿಸಿ ಅಂತಾರೆ. ಅದು ಅರ್ಧ ಗಂಟೆಯಲ್ಲಿ ಬರುವ ವಿದ್ಯೆ. ನಾನು ಅವರನ್ನು ಮೊದಲು ಹಳ್ಳ ಹಿಡಿದು ಮೇಲಕ್ಕೆ ನಡೆಸುತ್ತೇನೆ. ನಿಂತ ಜಾಗದಿಂದ ಹಳ್ಳ ಅರ್ಥ ಆಗುವುದಿಲ್ಲ. ನಮ್ಮ ಕಣ್ಣಿಗೆ ಬೀಳುವುದು ಒಂದು ತಿರುವು, ಒಂದು ಗುಂಡಿ, ನಾಲ್ಕು ಬಂಡೆ. ನೀರು ಬರುವುದು ಮಾತ್ರ ಮೇಲಿನ ಪೂರ್ತಿ ಗುಡ್ಡದಿಂದ. ಮೇಲೆ ಹೋದರೆ ಎಷ್ಟು ಸಣ್ಣ ಝರಿಗಳು ಬಂದು ಕೂಡುತ್ತವೆ ಅಂತ ಕಾಣುತ್ತದೆ. ಬೇಸಿಗೆಯಲ್ಲಿ ಒಣಗಿ ಬರೀ ಕಲ್ಲಿನ ಸಾಲಾಗಿ ಬಿದ್ದಿರುವ ದಾರಿಗಳೂ ಮಳೆಗೆ ನೀರಿನ ದಾರಿಗಳೇ. ಎಲ್ಲಿ ಹಳ್ಳ ಎರಡು ಬಂಡೆಗಳ ನಡುವೆ ಇಕ್ಕಟ್ಟಾಗುತ್ತದೆ, ಎಲ್ಲಿ ಬಿದ್ದ ಮರ ಅಡ್ಡ ಸಿಕ್ಕಿಕೊಂಡಿದೆ ಅನ್ನುವುದನ್ನು ನೋಡಿಕೊಳ್ಳಬೇಕು. ಅಡ್ಡ ಬಿದ್ದ ಮರದ ಹಿಂದೆ ಕಸ, ಕೊಂಬೆ, ಮಣ್ಣು ಸೇರಿ ಸಣ್ಣ ಒಡ್ಡು ಆಗಿರುತ್ತದೆ. ಮಳೆ ನೀರು ಬಂದು ಅದು ಒಡೆದರೆ ತಡೆದು ನಿಂತ ನೀರೆಲ್ಲ ಒಟ್ಟಿಗೇ ಕೆಳಗೆ ಬರುತ್ತದೆ.

ವಾಪಸ್ ಬರುವಾಗ ಮರಗಳನ್ನು ನೋಡುತ್ತಾ ಬರುತ್ತೇವೆ. ನಮ್ಮ ಕ್ಯಾಂಪಿನ ಕೆಳಗೆ ದಂಡೆಗೆ ತಾಗಿ ಒಂದು ಹೊಳೆಮತ್ತಿ ಮರ ಇದೆ. ಅದರ ಕೆಳಗಿನ ಕೊಂಬೆಯಲ್ಲಿ, ನನ್ನ ತಲೆಗಿಂತ ಮೇಲೆ, ಒಣ ಹುಲ್ಲಿನ ಒಂದು ದೊಡ್ಡ ಉಂಡೆ ಸುತ್ತಿಕೊಂಡಿದೆ. ಹತ್ತಿರ ಹೋಗಿ ನೋಡಿದರೆ ಹುಲ್ಲಿನ ಜೊತೆ ಬಿದಿರಿನ ಎಲೆ, ಅಡಿಕೆ ಹಾಳೆಯ ಚೂರು, ಯಾವುದೋ ಗೊಬ್ಬರದ ಚೀಲದ ದಾರ, ನುಣ್ಣನೆ ಮಣ್ಣು. ಎಲ್ಲವೂ ಒಂದೇ ದಿಕ್ಕಿಗೆ ಬಾಗಿ ಒಣಗಿವೆ, ನೀರು ಹರಿಯುವ ದಿಕ್ಕಿಗೆ. ಒಮ್ಮೆ ಅಪ್ಪನ ಕೈ ಹಿಡಿದು ಬಂದ ಒಂದು ಪುಟ್ಟ ಹುಡುಗಿ ಅದನ್ನು ನೋಡಿ ‘ಅಂಕಲ್, ಇದು ಯಾವ ಹಕ್ಕಿ ಗೂಡು?’ ಅಂತ ಕೇಳಿದಳು. ಗೂಡಲ್ಲ ಪುಟ್ಟಿ, ಮಳೆಗಾಲದಲ್ಲಿ ಹಳ್ಳ ಇಲ್ಲಿವರೆಗೆ ಬಂದಿತ್ತು ಅಂದೆ. ಅವಳು ಕೊಂಬೆಯನ್ನು ನೋಡಿದಳು, ಕೆಳಗೆ ಪಾದ ಮುಳುಗುವಷ್ಟು ಹರಿಯುತ್ತಿದ್ದ ನೀರನ್ನು ನೋಡಿದಳು. ಸ್ವಲ್ಪ ಹೊತ್ತಿನ ಹಿಂದೆ ‘ಒಂದೇ ರಾತ್ರಿ ಅಲ್ವಾ, ಕೆಳಗೇ ಹಾಕಿಕೊಡಿ’ ಅನ್ನುತ್ತಿದ್ದ ಅವಳ ಅಪ್ಪ ಆಮೇಲೆ ಆ ಮಾತು ತೆಗೆಯಲಿಲ್ಲ. ಅಂದಿನಿಂದ ಬಂದವರನ್ನೆಲ್ಲ ಚಹಾ ಆದ ಕೂಡಲೇ ಆ ಮರದ ಹತ್ತಿರ ಕರೆದುಕೊಂಡು ಹೋಗುತ್ತೇನೆ. ನಿಯಮದ ಹಲಗೆ ಓದಿ ಒಪ್ಪದವರು ಆ ಉಂಡೆ ನೋಡಿ ಒಪ್ಪುತ್ತಾರೆ.

ಟೆಂಟ್ ಹಾಕುವುದು ಆ ಗುರುತಿಗಿಂತ ಮೇಲಿನ ಮೆಟ್ಟಿನಲ್ಲಿ. ನೀರಿನಿಂದ ಕಡಿಮೆ ಅಂದರೂ 60 ಮೀಟರ್ ದೂರ, ದೊಡ್ಡವರ ಹೆಜ್ಜೆಯಲ್ಲಿ ಸುಮಾರು 70. ನೀರಿನ ಭಯ ಇಲ್ಲದ ಬೇಸಿಗೆಯಲ್ಲೂ ಮೇಲೆಯೇ ಒಳ್ಳೆಯದು. ರಾತ್ರಿ ತಣ್ಣಗಿನ ಗಾಳಿ ಗುಡ್ಡದಿಂದ ಇಳಿದು ಹಳ್ಳದ ಪಾತ್ರದಲ್ಲಿ ತಂಗುತ್ತದೆ. ಡಿಸೆಂಬರ್, ಜನವರಿಯಲ್ಲಿ ದಂಡೆಯ ಮೇಲೆ ಮಲಗಿದರೆ ಬೆಳಗಿನ ಜಾವಕ್ಕೆ ಟೆಂಟಿನ ಒಳಗೆಲ್ಲ ನೀರು ಹನಿದಿರುತ್ತದೆ. ಜನ ಟೆಂಟ್ ಸೋರುತ್ತಿದೆ ಅಂದುಕೊಳ್ಳುತ್ತಾರೆ. ಅದು ಅವರ ಉಸಿರಿನ ತೇವವೇ ತಣ್ಣನೆ ಬಟ್ಟೆಗೆ ತಾಗಿ ನೀರಾಗಿದ್ದು. ಮೇಲಿನ ಮೆಟ್ಟಿನಲ್ಲಿ ಗಾಳಿ ಆಡುತ್ತದೆ, ಟೆಂಟಿನ ಜಾಲರಿ ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕು. ತಲೆಯ ಮೇಲೆ ಒಣ ಕೊಂಬೆ, ಸತ್ತ ಬಿದಿರು ಇಲ್ಲ ಅನ್ನುವುದನ್ನೂ ನೋಡಿಕೊಳ್ಳಬೇಕು.

ನಮ್ಮ ಕಷ್ಟದ ದಿನಗಳು ಮಳೆಗಾಲದ್ದಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕ್ಯಾಂಪ್ ಪೂರ್ತಿ ಬಂದ್. ದಸರಾ ಮುಗಿದು ಜನ ಬರಲು ಶುರುವಾಗುವ ಹೊತ್ತಿಗೆ ಚಿತ್ತೆ, ಸ್ವಾತಿ ಮಳೆ ಇರುತ್ತದೆ. ಇತ್ತ ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಭರಣಿ, ಕೃತ್ತಿಕೆ. ಬೆಳಗ್ಗೆಯಿಂದ ಬಿಸಿಲು, ಮಧ್ಯಾಹ್ನ ಮೂರರ ಮೇಲೆ ಮೋಡ, ಸಂಜೆಗೆ ಗುಡುಗು. ಈ ಮಳೆ ಎಲ್ಲ ಕಡೆ ಒಂದೇ ಸಮ ಸುರಿಯುವುದಿಲ್ಲ. ನಮ್ಮಲ್ಲಿ ಒಂದು ಹನಿ ಇರುವುದಿಲ್ಲ, ಮೇಲಿನ ಗುಡ್ಡದಲ್ಲಿ ಒಂದು ತಾಸು ಹೊಡೆದಿರುತ್ತದೆ. ಆಕಾಶ ನೋಡಿ ನೀರಿಗೆ ಇಳಿಯುವವರಿಗೆ ಇದು ತಿಳಿಯುವುದೇ ಇಲ್ಲ.

ಅದಕ್ಕೆ ನಾವು ಮಾಡಿಕೊಂಡ ಏರ್ಪಾಡು ಸರಳ. ಹಳ್ಳದ ಮೇಲ್ಗಡೆ ಒಂದು ತೋಟದ ಮನೆ ಇದೆ. ಅಲ್ಲಿಯ ಅತ್ತೆಗೆ ಪ್ರತಿ ಸಂಜೆ ಫೋನ್ ಮಾಡುತ್ತೇನೆ. ‘ಮಳೆ ಇನ್ನೂ ಬಂಜಿಲ್ಲೆ ತಮಾ, ಗುಡುಗ್ತಾ ಇದ್ದು’ ಅಂದರೆ ಸಾಕು, ಆ ಕ್ಷಣದಿಂದ ನೀರಿನಲ್ಲಿದ್ದವರನ್ನು ಮೇಲೆ ಕರೆಯುತ್ತೇವೆ. ಬೇಸರ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ. ಈ ವಿಷಯದಲ್ಲಿ ಅತ್ತೆಯೂ ನಮ್ಮಷ್ಟೇ ಗಟ್ಟಿ. ನಾನು ಮರೆತರೂ ಅವರು ಮರೆಯುವುದಿಲ್ಲ. ಮಿಂಚಿದರೆ ಅವರೇ ಫೋನ್ ಮಾಡುತ್ತಾರೆ, ಫೋನ್ ಹೋಗದಿದ್ದರೆ ಮೊಮ್ಮಗನನ್ನು ಬೈಕಿನಲ್ಲಿ ಕಳಿಸುತ್ತಾರೆ. ಮೊಬೈಲಿನ ಹವಾಮಾನ ಆ್ಯಪ್ ನಾನೂ ನೋಡುತ್ತೇನೆ. ಅದು ತಾಲೂಕಿನ ಮಳೆ ಹೇಳುತ್ತದೆ. ನಮಗೆ ಬೇಕಾದದ್ದು ಈ ಒಂದು ಗುಡ್ಡದ ಮಳೆ.

ಅದರ ಜೊತೆ ನೀರಿನಲ್ಲಿ ಒಂದು ಕೋಲು. ನೆಟ್ಟಗಿನ ಬಿದಿರಿನ ಗಳ, ಮೇಲೆ ಬಣ್ಣದಲ್ಲಿ ಎಳೆದ ಪಟ್ಟಿಗಳು. ಜನ ನೀರಿನಲ್ಲಿದ್ದಾಗ ಒಬ್ಬರ ಕಣ್ಣು ಅದರ ಮೇಲೆಯೇ ಇರಬೇಕು. ಏರುವ ಮೊದಲು ನೀರು ಸುಳಿವು ಕೊಡುತ್ತದೆ. ತಿಳಿನೀರು ಸ್ವಲ್ಪ ಕದಡುತ್ತದೆ. ತರಗೆಲೆ, ಕಡ್ಡಿ ಒಮ್ಮೆಲೇ ಜಾಸ್ತಿ ತೇಲಿ ಬರುತ್ತವೆ. ಹೊಸ ಮಣ್ಣಿನ ವಾಸನೆ ಬರುತ್ತದೆ. ಸಪ್ಪಳ ದಪ್ಪ ಆಗುತ್ತದೆ. ಇದರಲ್ಲಿ ಯಾವುದೇ ಒಂದು ಕಂಡರೂ ಎಲ್ಲರೂ ಹೊರಗೆ ಬರಬೇಕು. ಚಪ್ಪಲಿ, ಕ್ಯಾಮೆರಾ ಆಚೆ ದಡದಲ್ಲಿ ಉಳಿದರೆ ಉಳಿಯಲಿ, ದಾಟಲು ಬಿಡುವುದಿಲ್ಲ. ರಭಸವಾಗಿ ಓಡುವ ನೀರು ಮೊಣಕಾಲಿಗೆ ಬಂದರೆ ಗಟ್ಟಿಮುಟ್ಟಾದ ಆಳನ್ನೂ ಕೆಡವುತ್ತದೆ. ಕೆಳಗೆ ಪಾಚಿ ಹಿಡಿದ ಬಂಡೆ ಇದ್ದರೆ ಅಷ್ಟೂ ಬೇಡ.

ಸಪ್ಪಳದ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ನೀರಿನ ಸಪ್ಪಳ ಹಿತ, ನಿಜ. ಆದರೆ ಅದು ಬೇರೆ ಎಲ್ಲ ಸಪ್ಪಳವನ್ನೂ ನುಂಗುತ್ತದೆ. ದಂಡೆಯಲ್ಲಿ ನಿಂತವರಿಗೆ ಇಪ್ಪತ್ತು ಹೆಜ್ಜೆ ಆಚೆಯಿಂದ ಕೂಗಿದರೂ ಕೇಳುವುದಿಲ್ಲ. ಹಾಗಾಗಿ ನಮ್ಮೆಲ್ಲರ ಕೊರಳಲ್ಲಿ ಸೀಟಿ ಇರುತ್ತದೆ. ಮೂರು ಉದ್ದ ಸೀಟಿ ಅಂದರೆ ಇದ್ದದ್ದನ್ನು ಬಿಟ್ಟು ಮೇಲಕ್ಕೆ. ಇದನ್ನು ಹಗಲಿನಲ್ಲೇ ಒಂದು ಸಲ ಊದಿ, ಮೇಲಿನ ದಾರಿಯನ್ನು ಎಲ್ಲರೂ ಒಮ್ಮೆ ನಡೆದು ಬರುವ ಹಾಗೆ ಮಾಡುತ್ತೇವೆ. ಮಕ್ಕಳಿಗೆ ಅದು ಆಟ. ಕತ್ತಲಲ್ಲಿ ದಾರಿ ಕಾಲಿಗೆ ನೆನಪಿರುತ್ತದೆ.

ಎಲ್ಲ ಹೊಳೆಗಳೂ ಒಂದೇ ಥರ ಏರುವುದಿಲ್ಲ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಇಲ್ಲಿ ನೀರು ಏರಿದರೆ ಅದು ಮಳೆಯ ನೀರೇ. ದಾಂಡೇಲಿ ಕಡೆ ಕಾಳಿ ನದಿ ಹಾಗಲ್ಲ. ಅಲ್ಲಿ ಮೇಲೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇದೆ, ಕೆಳಗೆ ಕೊಡಸಳ್ಳಿ, ಕದ್ರಾ ಇವೆ. ವಿದ್ಯುತ್ತಿಗೆ ನೀರು ಬಿಟ್ಟಾಗ ಸುಡುಬಿಸಿಲಿನಲ್ಲೂ ಹೊಳೆ ಏರುತ್ತದೆ. ರಾಫ್ಟಿಂಗ್ ನಡೆಯುವುದೇ ಆ ನೀರನ್ನು ನಂಬಿ. ಅಲ್ಲಿ ಕ್ಯಾಂಪ್ ಮಾಡುವವರು ಮೋಡ ನೋಡಿ ಉಪಯೋಗ ಇಲ್ಲ, ನೀರು ಬಿಡುವ ಹೊತ್ತು ಯಾವುದು ಅಂತ ಊರಿನವರ ಹತ್ತಿರ ಕೇಳಿಯೇ ಇಳಿಯಬೇಕು.

ಮಳೆಗಾಲದಲ್ಲೂ ತೆರೆಯಿರಿ, ಹಸಿರು ಚೆನ್ನಾಗಿರುತ್ತೆ ಅಂತ ಪ್ರತಿ ವರ್ಷ ಯಾರಾದರೂ ಒತ್ತಾಯ ಮಾಡುತ್ತಾರೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ, ಅಲ್ಲಿಂದ ಗಂಗಾವಳಿ ನದಿಗೆ ಬಿತ್ತು. ಹೆದ್ದಾರಿಯ ಬದಿಯಲ್ಲಿದ್ದವರು ಜೀವ ಕಳೆದುಕೊಂಡರು. ಆ ಮಣ್ಣು ಬಿದ್ದ ಹೊಡೆತಕ್ಕೆ ಹೊಳೆಯ ನೀರು ಎದ್ದು ಎದುರು ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಕುಸಿದ ಗುಡ್ಡ ಇದ್ದದ್ದು ಹೊಳೆಯ ಆಚೆ ಬದಿ, ಮನೆ ಕಳೆದುಕೊಂಡವರು ಈಚೆ ಬದಿ. ಮಳೆಗಾಲದ ಘಟ್ಟದಲ್ಲಿ ಯಾವ ಕಡೆಯಿಂದ ಏನು ಬರುತ್ತದೆ ಅಂತ ಹೇಳಲು ಯಾರಿಗೂ ಆಗುವುದಿಲ್ಲ. ಆ ನಾಲ್ಕು ತಿಂಗಳ ದುಡ್ಡು ನಮಗೆ ಬೇಡ.

ನೀರಿನ ಇನ್ನೊಂದು ಮುಖ ಕೆಳಗಿನವರದ್ದು. ಈ ಹಳ್ಳದಿಂದಲೇ ಪೈಪಿನಲ್ಲಿ ಅಬ್ಬಿ ನೀರು ತಂದುಕೊಳ್ಳುವ ಮನೆಗಳು ಕೆಳಗಿವೆ. ಕುಡಿಯಲು ಅದೇ, ತೋಟಕ್ಕೂ ಅದೇ. ಹಾಗಿರುವಾಗ ನಾವು ಇಲ್ಲಿ ಸೋಪು, ಶಾಂಪೂ ಹಾಕಿ ಮೀಯುವುದು ಸರಿಯಲ್ಲ. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು ಎಲ್ಲ ಮೇಲೆ, ಬಕೆಟ್ಟಿನಲ್ಲಿ. ಕೊಳೆ ನೀರು ಮಣ್ಣಿಗೆ ಇಂಗಬೇಕು, ಹಳ್ಳಕ್ಕೆ ಹೋಗಬಾರದು. ಶೌಚಾಲಯವೂ ನೀರಿನಿಂದ ದೂರ. ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ. ರಾತ್ರಿ ಬಾಟಲಿ ಒಡೆದು ನೀರಿಗೆ ಎಸೆದವರನ್ನು ಮತ್ತೆ ಸೇರಿಸುವುದಿಲ್ಲ. ಬೆಳಗ್ಗೆ ಆ ನೀರಿಗೆ ಊರಿನ ಮಕ್ಕಳು ಬರಿಗಾಲಲ್ಲಿ ಇಳಿಯುತ್ತಾರೆ. ಹಾಗೆಯೇ ಎಷ್ಟೇ ತಿಳಿಯಾಗಿ ಕಂಡರೂ ಹಳ್ಳದ ನೀರನ್ನು ಕುದಿಸದೆ ಯಾರಿಗೂ ಕುಡಿಯಲು ಕೊಡುವುದಿಲ್ಲ. ಕಾಡಿನ ಪ್ರಾಣಿಗಳೂ ಅದೇ ನೀರಿಗೆ ಬರುತ್ತವೆ.

ಉಂಬಳದ, ಅಂದರೆ ಜಿಗಣೆಯ ಬಗ್ಗೆ ಜನ ತುಂಬಾ ಹೆದರುತ್ತಾರೆ. ಅದು ರಕ್ತ ಹೀರುತ್ತದೆ, ತುರಿಕೆ ಆಗುತ್ತದೆ, ಅಷ್ಟೇ. ಉಪ್ಪೋ ಸುಣ್ಣವೋ ತಾಗಿಸಿದರೆ ಬಿಡುತ್ತದೆ. ಹೆದರಬೇಕಾದದ್ದು ಉಣುಗಿಗೆ, ಅಂದರೆ ಉಣ್ಣೆಗೆ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರ ಕಡೆ ಈಗಲೂ ಕಾಣಿಸಿಕೊಳ್ಳುತ್ತದೆ. ಅದು ಹರಡುವುದು ಕಾಡಿನ ಉಣುಗು ಕಚ್ಚಿ. ಮರಿ ಉಣುಗು ಎಳ್ಳಿಗಿಂತ ಸಣ್ಣ, ಕಚ್ಚಿದ್ದು ಗೊತ್ತೂ ಆಗುವುದಿಲ್ಲ. ಅವು ಜಾಸ್ತಿ ಇರುವುದು ಡಿಸೆಂಬರಿನಿಂದ ಮೇವರೆಗೆ, ಅಂದರೆ ಸರಿಯಾಗಿ ನಮ್ಮ ಕ್ಯಾಂಪಿನ ಕಾಲದಲ್ಲೇ.

ಹಾಗಾಗಿ ತರಗೆಲೆಯ ಮೇಲೆ ಕೂರಲು, ಮಲಗಲು ಯಾರನ್ನೂ ಬಿಡುವುದಿಲ್ಲ. ಟೆಂಟಿನ ಸುತ್ತ ಎಲೆ ಗುಡಿಸಿ ತೆಗೆದಿರುತ್ತೇವೆ. ಕಾಡಿಗೆ ಹೋಗುವಾಗ ಉದ್ದ ತೋಳಿನ ಅಂಗಿ, ಕಾಲುಚೀಲದ ಒಳಗೆ ಸಿಕ್ಕಿಸಿದ ಪ್ಯಾಂಟ್, ಮೈಗೆ ಡೇಪಾ ಎಣ್ಣೆ. ಆರೋಗ್ಯ ಇಲಾಖೆಯವರು ನಮ್ಮ ಹಳ್ಳಿಗಳಲ್ಲಿ ಹಂಚುವ ಎಣ್ಣೆ ಅದು. ಬಂದ ಮೇಲೆ ಬಿಸಿನೀರಿನ ಸ್ನಾನ, ಹಾಕಿಕೊಂಡಿದ್ದ ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ನಮಗೆ ತಿಳಿಸಬೇಕು. ನಾವು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅರಣ್ಯದವರಿಗೂ ತಿಳಿಸುತ್ತೇವೆ. ಅಂಥ ಸುದ್ದಿ ಬಂದ ಕಡೆ ಆ ಸೀಸನ್ನಿನಲ್ಲಿ ಮತ್ತೆ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ.

ಈ ಕಾಯಿಲೆಯ ಜ್ವರ ಕಚ್ಚಿದ ದಿನವೇ ಬರುವುದಿಲ್ಲ. ಸಾಮಾನ್ಯವಾಗಿ 3ರಿಂದ 8 ದಿನ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ನಮ್ಮ ಅತಿಥಿಗಳು ಬೆಂಗಳೂರಿನಲ್ಲಿ ತಮ್ಮ ಕೆಲಸದಲ್ಲಿರುತ್ತಾರೆ. ತಲೆನೋವು, ಮೈಕೈ ನೋವು, ಜೋರು ಜ್ವರ ಬಂದರೆ ಡೆಂಗ್ಯೂ ಇರಬಹುದು ಅಂತ ಅಲ್ಲಿಯ ವೈದ್ಯರು ನೋಡುತ್ತಾರೆ. ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಬೇಕು ಅಂತ ಅತಿಥಿಗಳಿಗೆ ಅನ್ನಿಸಿರುವುದೇ ಇಲ್ಲ. ಅದಕ್ಕೆ ಪ್ರತಿ ತಂಡ ಹೋದ ಮೇಲೆ, ಆ ವಾರದೊಳಗೆ ಎಲ್ಲರಿಗೂ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಕಳಿಸುತ್ತೇನೆ. ‘ಆರಾಮ ಇದ್ದೀರಾ? ಜ್ವರ ಏನಾದರೂ ಬಂದರೆ ತಡ ಮಾಡಬೇಡಿ. ಉತ್ತರ ಕನ್ನಡದ ಕಾಡಿನಲ್ಲಿ ತಂಗಿದ್ದೆವು ಅಂತ ಡಾಕ್ಟರ್ ಹತ್ತಿರ ಮೊದಲು ಹೇಳಿ.’ ಉತ್ತರ ಬರದಿದ್ದರೆ ಮರುದಿನ ಫೋನ್ ಮಾಡುತ್ತೇನೆ. ಕ್ಯಾಂಪಿನ ಲೆಕ್ಕದ ಪುಸ್ತಕದಲ್ಲಿ ಆ ತಂಡದ ಹೆಸರಿನ ಮುಂದೆ ‘ಮುಗಿಯಿತು’ ಅಂತ ಬರೆಯುವುದು ಎಲ್ಲರ ಉತ್ತರ ಬಂದ ಮೇಲೆಯೇ.