ಹಾಸನದಿಂದ ಕಡೂರಿಗೆ, ಕಾರಿಲ್ಲದೆ: ಒಂದು ಚಳಿಗಾಲದ ಪ್ರವಾಸದ ಸಿದ್ಧತೆ

ನವೆಂಬರ್ 2

ಬೆಂಗಳೂರಿನಲ್ಲಿರುವ ಅಕ್ಕ ಮತ್ತು ಭಾವ ಜನವರಿಯಲ್ಲಿ ಎರಡು ರಾತ್ರಿಗಳ ಮಟ್ಟಿಗೆ ನಮ್ಮ ಕಡೆಗೆ ಬರುವುದಾಗಿ ತಿಳಿಸಿದ್ದಾರೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಭಾವನವರು ಕಾರು ಓಡಿಸುವುದನ್ನು ಬಿಟ್ಟಿದ್ದಾರೆ. ಹಾಸನದ ನನ್ನ ಮನೆಯಲ್ಲಿ ಕಾರು ಎಂದೂ ಇರಲಿಲ್ಲ. ಬಾಡಿಗೆ ಕಾರು ಗೊತ್ತುಮಾಡೋಣವೆಂದರೆ ಅಕ್ಕ ಒಪ್ಪಲಿಲ್ಲ. "ಹೊರಗೆ ಡ್ರೈವರ್ ಕಾಯ್ತಾ ನಿಂತಿದ್ದಾನೆ ಅನ್ನೋದು ತಲೇಲಿದ್ರೆ ನನಗೆ ದೇವಸ್ಥಾನದಲ್ಲಿ ನೆಮ್ಮದಿಯಾಗಿ ನಿಲ್ಲೋಕೇ ಆಗಲ್ಲ ಕಣೇ" ಎಂದಳು. ಹೀಗಾಗಿ ಬಸ್ಸು, ರೈಲು, ಆಟೋ ಮತ್ತು ಕಾಲ್ನಡಿಗೆ ಇವಿಷ್ಟರಲ್ಲಿಯೇ ಪ್ರವಾಸವನ್ನು ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಎಲ್ಲವನ್ನೂ ಬರೆದಿಡಲು ಒಂದು ಹಳೆಯ ಲೆಕ್ಕದ ಪುಸ್ತಕವನ್ನು ತೆಗೆದಿಟ್ಟುಕೊಂಡಿದ್ದೇನೆ.

ಹಾಸನಾಂಬೆಯ ದರ್ಶನ ಈ ಯೋಜನೆಯಲ್ಲಿ ಸೇರುವಂತಿಲ್ಲ. ವರ್ಷಕ್ಕೊಮ್ಮೆ ದೀಪಾವಳಿಯ ಸುತ್ತಮುತ್ತ ತೆರೆಯುವ ಆ ಬಾಗಿಲು ಈಗಾಗಲೇ ಮುಚ್ಚಿದೆ. ಶ್ರವಣಬೆಳಗೊಳವನ್ನೂ ಮೊದಲ ದಿನವೇ ಪಟ್ಟಿಯಿಂದ ಹೊಡೆದುಹಾಕಿದೆ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಅಕ್ಕನ ಮಂಡಿ ಒಪ್ಪುವುದಿಲ್ಲ. ಬೆಂಗಳೂರಿನಿಂದ ಕುಣಿಗಲ್ ಮಾರ್ಗವಾಗಿ ಹಾಸನಕ್ಕೆ ಬರುವ ರೈಲು ಶ್ರವಣಬೆಳಗೊಳದ ಮೂಲಕವೇ ಹಾದುಬರುತ್ತದೆ, ಆದ್ದರಿಂದ ಅವರು ಕಿಟಕಿಯಿಂದಲೇ ಕೈಮುಗಿಯಲಿ.

ನವೆಂಬರ್ 5

ದಿನಾಂಕವನ್ನು ನಿಶ್ಚಯಿಸುವುದು ಇಷ್ಟು ತೊಡಕಿನ ಕೆಲಸವೆಂದು ಭಾವಿಸಿರಲಿಲ್ಲ. ಡಿಸೆಂಬರಿನಲ್ಲಿ ಬರುವ ದತ್ತ ಜಯಂತಿಯ ದಿನಗಳಲ್ಲಿ ಚಿಕ್ಕಮಗಳೂರಿನ ಗಿರಿ ಪ್ರದೇಶಕ್ಕೆ ಪ್ರವಾಸಿಗರನ್ನು ಬಿಡುವುದಿಲ್ಲ, ಊರಿನಲ್ಲಿಯೂ ಪೊಲೀಸ್ ಬಂದೋಬಸ್ತು ಹೆಚ್ಚಿರುತ್ತದೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಕೊಠಡಿಗಳ ಬೆಲೆ ಏರಿರುತ್ತದೆ. ಈ ಸಲ ವೈಕುಂಠ ಏಕಾದಶಿ ಡಿಸೆಂಬರ್ 30ರಂದು ಬಂದಿರುವುದರಿಂದ ಅಂದು ಬೇಲೂರಿನಲ್ಲಿ ಕಾಲಿಡಲು ಜಾಗವಿರಲಾರದು. ಸಂಕ್ರಾಂತಿಯ ವಾರದಲ್ಲಿ ಊರಿಗೆ ಹೋಗುವವರಿಂದ ಬಸ್ಸುಗಳು ತುಂಬಿರುತ್ತವೆ. ವಾರದ ದಿನಗಳನ್ನು ನೋಡಿದರೆ, ಶನಿವಾರ ಮತ್ತು ಭಾನುವಾರ ಬೆಂಗಳೂರಿನ ಜನ ಗಿರಿಯ ಕಡೆಗೆ ಹೊರಟಿರುತ್ತಾರೆ, ಶುಕ್ರವಾರ ಹಳೇಬೀಡಿನ ವಸ್ತುಸಂಗ್ರಹಾಲಯಕ್ಕೆ ರಜೆ.

ಇವೆಲ್ಲವನ್ನೂ ಕಳೆದಾಗ ಉಳಿದದ್ದು ಜನವರಿ 6, 7 ಮತ್ತು 8, ಅಂದರೆ ಮಂಗಳವಾರ, ಬುಧವಾರ ಮತ್ತು ಗುರುವಾರ. ಧನುರ್ಮಾಸವಿನ್ನೂ ಮುಗಿದಿರುವುದಿಲ್ಲವಾದ್ದರಿಂದ ನಸುಕಿನ ಪೂಜೆಯೂ ಹುಗ್ಗಿಯ ಪ್ರಸಾದವೂ ಸಿಗಬಹುದೆಂಬುದು ಅಕ್ಕನ ಲೆಕ್ಕಾಚಾರ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಮಾತ್ರ ತೆರೆಯುವುದರಿಂದ ಇನ್ನೆರಡು ದಿನ ಕಾಯಬೇಕು.

ನವೆಂಬರ್ 9

ಟಿಕೆಟ್ ಸಿಕ್ಕಿದೆ. ಮಂಗಳವಾರ ಅವರು ಹಾಸನಕ್ಕೆ ಬಂದಿಳಿದು ಆ ರಾತ್ರಿ ನಮ್ಮ ಮನೆಯಲ್ಲಿ ಉಳಿಯುತ್ತಾರೆ.

ಮುಂದಿನ ಎರಡು ದಿನಗಳ ಬಗ್ಗೆ ಮಾತ್ರ ಇಡೀ ವಾರ ತಲೆಕೆಡಿಸಿಕೊಂಡೆ. ಹಾಸನವನ್ನೇ ನೆಲೆಯಾಗಿಟ್ಟುಕೊಂಡು ಒಂದು ದಿನ ಹಳೇಬೀಡು ಮತ್ತು ಬೇಲೂರು, ಮರುದಿನ ಚಿಕ್ಕಮಗಳೂರು ಎಂದು ಮೊದಲು ಬರೆದಿದ್ದೆ. ಕಾರಿರುವವರು ಹೀಗೆಯೇ ಯೋಚಿಸುತ್ತಾರೆ. ಈ ಲೆಕ್ಕದಲ್ಲಿ ಮೊದಲ ದಿನ ಹಳೇಬೀಡಿಗೆ 31, ಅಲ್ಲಿಂದ ಬೇಲೂರಿಗೆ 16, ಮರಳಿ ಹಾಸನಕ್ಕೆ 38, ಒಟ್ಟು 85 ಕಿಲೋಮೀಟರ್ ಆಗುತ್ತದೆ. ಎರಡನೆಯ ದಿನ ಮತ್ತೆ ಬೇಲೂರನ್ನೇ ದಾಟಿ ಚಿಕ್ಕಮಗಳೂರಿಗೆ ಹೋಗಿ ಬರಲು 126. ಎರಡು ದಿನಕ್ಕೆ 211 ಕಿಲೋಮೀಟರ್, ಅದರಲ್ಲಿ ಹಾಸನ-ಬೇಲೂರು ರಸ್ತೆಯ ದರ್ಶನ ಮೂರು ಬಾರಿ.

ಪುಸ್ತಕದಲ್ಲಿ ಊರುಗಳನ್ನು ಚುಕ್ಕೆಗಳಾಗಿ ಗುರುತಿಸಿ ಗೆರೆ ಎಳೆಯುತ್ತಿದ್ದಾಗ ಒಂದು ಸಂಗತಿ ಹೊಳೆಯಿತು. ಕಾರಿನಲ್ಲಿ ಬಂದವರು ಕಾರು ನಿಲ್ಲಿಸಿದ ಜಾಗಕ್ಕೇ ಹಿಂದಿರುಗಬೇಕು. ಬಸ್ಸಿನಲ್ಲಿ ಬಂದವರಿಗೆ ಆ ಹಂಗಿಲ್ಲ. ಹಾಸನದಿಂದ ಹಳೇಬೀಡು, ಹಳೇಬೀಡಿನಿಂದ ಬೇಲೂರು, ಬೇಲೂರಿನಿಂದ 25 ಕಿಲೋಮೀಟರ್ ದೂರದ ಚಿಕ್ಕಮಗಳೂರು, ಹೀಗೆ ಒಂದೇ ದಿಕ್ಕಿಗೆ ಸಾಗಿದರೆ ದಾರಿ 72 ಕಿಲೋಮೀಟರಿಗೆ ಮುಗಿಯುತ್ತದೆ. ಚಿಕ್ಕಮಗಳೂರಿನಿಂದ 40 ಕಿಲೋಮೀಟರ್ ಆಚೆಗಿರುವ ಕಡೂರು ಬೆಂಗಳೂರು-ಹುಬ್ಬಳ್ಳಿ ರೈಲು ಮಾರ್ಗದ ಮೇಲೆಯೇ ಇದೆ. ಅಲ್ಲಿ ರೈಲು ಹತ್ತಿದರೆ ಅವರು ಹಾಸನಕ್ಕೆ ಮರಳುವ ಅಗತ್ಯವೇ ಇಲ್ಲ. 2013ರಿಂದ ಚಿಕ್ಕಮಗಳೂರಿಗೂ ರೈಲು ಇದೆಯಾದರೂ ಕಡೂರಿನಲ್ಲಿ ನಿಲ್ಲುವ ಗಾಡಿಗಳು ಹೆಚ್ಚು, ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ.

ಭಾವನವರಿಗೆ ಫೋನು ಮಾಡಿ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಾ ಸರಿಯಮ್ಮ, ಬ್ಯಾಗು ಎಲ್ಲಿಡೋದು?"

ನವೆಂಬರ್ 16

ಬ್ಯಾಗಿನ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಒಂದೇ ದಿಕ್ಕಿನ ಪ್ರಯಾಣವೆಂದರೆ ಮೂರು ದಿನದ ಬಟ್ಟೆ, ಔಷಧಿ ಮತ್ತು ಸ್ವೆಟರುಗಳನ್ನು ಹೊತ್ತುಕೊಂಡೇ ಎರಡು ದೇವಾಲಯಗಳನ್ನು ನೋಡಬೇಕು. ದೊಡ್ಡ ಬ್ಯಾಗನ್ನು ನಾನೇ ನೇರವಾಗಿ ಚಿಕ್ಕಮಗಳೂರಿಗೆ ತಲುಪಿಸುತ್ತೇನೆಂದರೆ ಭಾವನವರಿಗೆ ಅದು ಆಟದಲ್ಲಿ ಮೋಸ ಮಾಡಿದಂತೆ ಕಾಣುತ್ತದೆಯಂತೆ. ಕೊನೆಗೆ ತಲೆಗೊಂದು ಹೆಗಲಚೀಲ, ಒಂದೊಂದೂ ಐದು ಕಿಲೋ ಮೀರಬಾರದು ಎಂಬ ನಿಯಮ ಮಾಡಿದೆ. ನಿಯಮ ಮಾಡುವುದು ಸುಲಭ, ಆದರೆ ಆ ತೂಕ ಹೊತ್ತು ಹಳೇಬೀಡನ್ನು ಸುತ್ತಲು ಸಾಧ್ಯವೇ ಎಂದು ತಿಳಿಯಬೇಕಾದರೆ ಒಬ್ಬರು ಹೊತ್ತು ನೋಡಲೇಬೇಕು.

ನವೆಂಬರ್ 19

ಹೊತ್ತು ನೋಡಿದೆ. ಐದು ಕಿಲೋ ಸೋನಾಮಸೂರಿ ಅಕ್ಕಿಯನ್ನು ಹೆಗಲಚೀಲದಲ್ಲಿ ತುಂಬಿಕೊಂಡು ಬೆಳಿಗ್ಗೆ ಹಾಸನದಿಂದ ಕೆಂಪು ಬಸ್ಸು ಹತ್ತಿದೆ. ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್ ಇರುವುದರಿಂದ ನನ್ನ ಪ್ರಯೋಗಗಳಿಗೆ ತಗಲುವ ಖರ್ಚೆಂದರೆ ಕಾಫಿ-ತಿಂಡಿಯದು ಮಾತ್ರ. ಅಕ್ಕನ ಆಧಾರ್‌ನಲ್ಲಿ ಬೆಂಗಳೂರಿನ ವಿಳಾಸವಿರುವುದರಿಂದ ಅವಳಿಗೂ ಇದು ಅನ್ವಯಿಸುತ್ತದೆ, ರಾಜಹಂಸ, ಐರಾವತದಂಥ ಬಸ್ಸುಗಳನ್ನು ಹತ್ತಿದರೆ ಮಾತ್ರ ಇಲ್ಲ. ಭಾವನವರು ದುಡ್ಡು ಕೊಡಲಿ.

ಗಮನಿಸಿದ ಮೊದಲ ವಿಷಯ ಬಸ್ಸಿನ ಮೊದಲ ಮೆಟ್ಟಿಲಿನ ಎತ್ತರ. ಚೀಲ ಬೆನ್ನ ಮೇಲಿದ್ದರೆ ಹತ್ತುವಾಗ ದೇಹ ಹಿಂದಕ್ಕೆ ಎಳೆಯುತ್ತದೆ. ಚೀಲವನ್ನು ಮೊದಲು ಒಳಗಿಟ್ಟು, ಕಂಬಿ ಹಿಡಿದು, ನೋವಿಲ್ಲದ ಕಾಲನ್ನು ಮುಂದಿಟ್ಟು ಹತ್ತಬೇಕು. ಇಳಿಯುವಾಗ ನೋವಿನ ಕಾಲು ಮೊದಲು. ಇದನ್ನು ಅಕ್ಕನಿಗಾಗಿ ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ.

ಹಳೇಬೀಡಿನಲ್ಲಿ ಬಸ್ಸಿಳಿದರೆ ಹೊಯ್ಸಳೇಶ್ವರ ದೇವಾಲಯ ಹತ್ತಿರದಲ್ಲೇ ಇದೆ. 1121ರ ಸುಮಾರಿಗೆ ಆರಂಭವಾದ ಈ ಜೋಡಿ ಗುಡಿಯ ಜಗತಿಯ, ಅಂದರೆ ಸುತ್ತಲಿನ ಎತ್ತರದ ಕಲ್ಲುಕಟ್ಟೆಯ, ಮೇಲೆ ಬರಿಗಾಲಿನಲ್ಲಿ ನಡೆಯಬೇಕು. ಏಪ್ರಿಲ್ ಮಧ್ಯಾಹ್ನ ಸುಡುವ ಕಲ್ಲು ಈ ತಿಂಗಳ ಬೆಳಿಗ್ಗೆ ಹಿಮದಂತೆ ಕೊರೆಯುತ್ತದೆ. ಆದ್ದರಿಂದ ದಪ್ಪನೆಯ ಕಾಲುಚೀಲಗಳು ಪಟ್ಟಿಗೆ ಸೇರಿದವು. ಗುಡಿ ಪೂರ್ವಾಭಿಮುಖವಾಗಿರುವುದರಿಂದ ಅತ್ಯುತ್ತಮ ಶಿಲ್ಪಗಳಿರುವ ಪಶ್ಚಿಮದ ಗೋಡೆ ಬೆಳಗಿನ ಹೊತ್ತು ನೆರಳಿನಲ್ಲಿರುತ್ತದೆ. ಫೋಟೋ ತೆಗೆಯುವವರು ಇದನ್ನು ಕೊರತೆಯೆನ್ನಬಹುದು, ಆದರೆ ಕಣ್ಣು ಕುಕ್ಕುವ ಬೆಳಕಿಲ್ಲದೆ ಆನೆಗಳ ಸಾಲಿನಿಂದ ಮೇಲಕ್ಕೆ ಒಂದೊಂದೇ ಪಟ್ಟಿಕೆಯನ್ನು ನೋಡುತ್ತ ನಡೆಯುವುದು ಪೊರೆ ತೆಗೆಸಿಕೊಂಡ ಕಣ್ಣಿಗೆ ಹಿತವೆಂದೇ ನನ್ನ ಅಭಿಪ್ರಾಯ. ಆವರಣದಲ್ಲಿಯೇ ಇರುವ ವಸ್ತುಸಂಗ್ರಹಾಲಯವನ್ನೂ ಸೇರಿಸಿ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಬಸದಿಹಳ್ಳಿಗೆ ನಡೆದು ಪಾರ್ಶ್ವನಾಥ ಬಸದಿಯ ನುಣುಪಾದ ಕಂಬಗಳಲ್ಲಿ ಮುಖ ನೋಡಿಕೊಳ್ಳುವ ಹೊತ್ತಿಗೆ ಅಕ್ಕಿ ತನ್ನ ತೂಕವನ್ನು ತಿಳಿಸತೊಡಗಿತ್ತು. ಕೇದಾರೇಶ್ವರವನ್ನು ಬಿಟ್ಟು ಹಿಂದಿರುಗಿದೆ.

ನನ್ನ ತಪ್ಪು ಇಲ್ಲಿ ನಡೆಯಿತು. ಬೇಲೂರಿನ ಬಸ್ಸಿಗೆ ಇನ್ನೂ ಸಮಯವಿದೆಯೆಂದು ರಸ್ತೆಯಾಚೆಯ ಹೋಟೆಲಿನಲ್ಲಿ ಕಾಫಿ ಹೇಳಿ ಕುಳಿತೆ. ಲೋಟ ಕೈಗೆ ಬಂದ ಕ್ಷಣಕ್ಕೇ ಬಸ್ಸು ಬಂದು ಹೋಯಿತು. ಮುಂದಿನದಕ್ಕೆ ನಲವತ್ತು ನಿಮಿಷ ಕಾಯ್ದೆ. ಈ 16 ಕಿಲೋಮೀಟರುಗಳೇ ಇಡೀ ಯೋಜನೆಯ ಸಡಿಲವಾದ ಕೊಂಡಿ. ಹಾಸನ-ಬೇಲೂರು ಅಥವಾ ಬೇಲೂರು-ಚಿಕ್ಕಮಗಳೂರು ನಡುವೆ ಒಂದು ಬಸ್ಸು ತಪ್ಪಿದರೆ ಚಿಂತೆಯಿಲ್ಲ, ಇಲ್ಲಿ ಹಾಗಲ್ಲ. ಆದ್ದರಿಂದ ಕಾಫಿಯನ್ನು ಬೇಲೂರಿನಲ್ಲಿಯೇ ಕುಡಿಯತಕ್ಕದ್ದು, ಮತ್ತು ಮಧ್ಯಾಹ್ನ ಒಂದು ಗಂಟೆಗೂ ಬಸ್ಸು ಬಾರದಿದ್ದರೆ ಆಟೋ ಮಾಡಿಕೊಳ್ಳತಕ್ಕದ್ದು ಎಂದು ಬರೆದಿದ್ದೇನೆ. ಇದು ಸೋಲಲ್ಲವೆಂದು ಭಾವನವರಿಗೆ ಮೊದಲೇ ತಿಳಿಸಬೇಕು.

ಅಕ್ಕಿಚೀಲ ಅಂದು ಬೇಲೂರಿನವರೆಗೆ ಬಂದು, ಚೆನ್ನಕೇಶವನ ದರ್ಶನವನ್ನೂ ಮುಗಿಸಿ, ಸಂಜೆ ಹಾಸನಕ್ಕೆ ಮರಳಿತು. ಮರುದಿನ ಅದರಲ್ಲಿಯೇ ಅನ್ನ ಮಾಡಿದೆವು.

ನವೆಂಬರ್ 23

ಬೇಲೂರಿನ ಟಿಪ್ಪಣಿಯನ್ನು ಪ್ರತ್ಯೇಕವಾಗಿ ಬರೆಯುತ್ತಿದ್ದೇನೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಕೇಶವನಿಗೆ ಇಂದಿಗೂ ನಿತ್ಯಪೂಜೆ ನಡೆಯುವುದರಿಂದ ಗರ್ಭಗುಡಿಯ ಬಾಗಿಲು ಮಧ್ಯಾಹ್ನ ಕೆಲಕಾಲ ಮುಚ್ಚುತ್ತದೆ. ನಮ್ಮವರು ಅಲ್ಲಿಗೆ ತಲುಪುವುದು ಸರಿಯಾಗಿ ಅದೇ ಹೊತ್ತಿಗೆ. ಮೊದಲು ಇದರಿಂದ ಗಾಬರಿಯಾಯಿತಾದರೂ ಆಮೇಲೆ ಅನುಕೂಲವೇ ಎನಿಸಿತು: ಮೊದಲು ಊಟ, ಬಳಿಕ ಹೊರಗೋಡೆಯ ಸುತ್ತು, ಬಾಗಿಲು ತೆರೆದ ಮೇಲೆ ಒಳಗಿನ ಕಂಬಗಳ ಮಂಟಪವಾದ ನವರಂಗ ಮತ್ತು ದರ್ಶನ.

ಹೊರಗಿನ 38 ಮದನಿಕೆಯರೂ ಒಳಗಿನ ನಾಲ್ವರೂ ತಲೆಯ ಮೇಲಿನ ಎತ್ತರದಲ್ಲಿದ್ದಾರೆ. ಕತ್ತೆತ್ತಿ ನೋಡಿ ನೋಡಿ ನನಗೇ ತಲೆ ಸುತ್ತಿತು, ಇನ್ನು ಭಾವನವರ ಕತ್ತಿನ ಪಟ್ಟಿಯ ಇತಿಹಾಸ ನನಗೆ ಗೊತ್ತಿದೆ. ಹಳೆಯ ಉಪಾಯವೊಂದನ್ನು ಪ್ರಯತ್ನಿಸಿದೆ. ಅಂಗೈ ಅಗಲದ ಕನ್ನಡಿಯನ್ನು ಹೊಟ್ಟೆಯ ಮಟ್ಟದಲ್ಲಿ ಮೇಲ್ಮುಖವಾಗಿ ಹಿಡಿದರೆ ತಲೆ ತಗ್ಗಿಸಿಕೊಂಡೇ ಮೇಲಿನದೆಲ್ಲವನ್ನೂ ನೋಡಬಹುದು, ನವರಂಗದ ಭುವನೇಶ್ವರಿಗಂತೂ (ಕೆತ್ತನೆಯ ಒಳಮಾಳಿಗೆಗೆ) ಇದು ಬಹಳ ಚೆನ್ನಾಗಿ ಒದಗುತ್ತದೆ. ದರ್ಪಣಸುಂದರಿಯನ್ನು ದರ್ಪಣದಲ್ಲಿಯೇ ನೋಡಿದಂತಾಯಿತು. ಕನ್ನಡಿಯ ತೂಕ 90 ಗ್ರಾಂ, ಐದು ಕಿಲೋದಲ್ಲಿ ಅದಕ್ಕೆ ಜಾಗವಿದೆ.

ಡಿಸೆಂಬರ್ 7

ಚಿಕ್ಕಮಗಳೂರಿನ ಕೊಠಡಿ ಗೊತ್ತಾಗಿದೆ. ಎಲ್ಲರೂ ಹೋಂಸ್ಟೇ ಎಂದರು. ಆದರೆ ಅವುಗಳಲ್ಲಿ ಹೆಚ್ಚಿನವು ಊರಿನಿಂದ ದೂರದ ತೋಟಗಳೊಳಗಿದ್ದು, ಸಂಜೆ ಆರಕ್ಕೆಲ್ಲ ಕತ್ತಲಾಗುವ ಈ ದಿನಗಳಲ್ಲಿ ವಾಹನವಿಲ್ಲದೆ ಅಲ್ಲಿಗೆ ಹೋಗುವುದು ಜಾಣತನವಲ್ಲ. ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಲಾಡ್ಜನ್ನೇ ಆರಿಸಿದೆ. ಫೋನಿನಲ್ಲಿ ಒಪ್ಪಿಸಿದ್ದ ಮೊದಲ ಲಾಡ್ಜಿಗೆ ಖುದ್ದಾಗಿ ಹೋಗಿ ನೋಡಿದಾಗ ಬಿಸಿನೀರು ಬೆಳಿಗ್ಗೆ ಏಳರಿಂದ ಎಂಟರವರೆಗೆ ಮಾತ್ರವೆಂದರು, ಅದೂ ಬಿಸಿಲು ಬಂದಿದ್ದರೆ. ಸುಮಾರು 1,090 ಮೀಟರ್ ಎತ್ತರದ ಊರಿನಲ್ಲಿ, ಜನವರಿಯಲ್ಲಿ, ಹಿಂದಿನ ದಿನದ ಬಿಸಿಲನ್ನು ನಂಬಿ ಸ್ನಾನಕ್ಕಿಳಿಯುವ ವಯಸ್ಸು ಅವರದಲ್ಲ. ಎರಡನೆಯ ಲಾಡ್ಜಿನಲ್ಲಿ ಗೀಸರ್ ಇದೆ, ಕೊಠಡಿ ನೆಲಮಹಡಿಯಲ್ಲಿದೆ.

ಮುಳ್ಳಯ್ಯನಗಿರಿಯನ್ನು ಕೈಬಿಟ್ಟಿದ್ದೇವೆ. ಸುಮಾರು 1,930 ಮೀಟರಿನ ಆ ಶಿಖರಕ್ಕೆ ಜೀಪು ಮಾಡಿಕೊಂಡು ಹೋಗಬಹುದು, ಆದರೆ ಗುರುವಾರದ ಅರ್ಧ ದಿನ ಅದರಲ್ಲಿಯೇ ಕಳೆದುಹೋಗುತ್ತದೆ. ಬದಲಾಗಿ ಊರೊಳಗಿನ ರತ್ನಗಿರಿ ಬೋರೆಯ ಉದ್ಯಾನದಲ್ಲಿ ಕುಳಿತು ಗಿರಿಶ್ರೇಣಿಯನ್ನು ದೂರದಿಂದ ನೋಡುವುದೆಂದು ತೀರ್ಮಾನವಾಗಿದೆ. ಇದಕ್ಕೆ ಭಾವನವರ ಪೂರ್ಣ ಸಮ್ಮತಿಯಿಲ್ಲ.

ಗುರುವಾರದ ಬೆಳಿಗ್ಗೆ ಆಟೋದಲ್ಲಿ ಹಿರೇಮಗಳೂರಿನ ಕೋದಂಡರಾಮ ದೇವಾಲಯ. ಅಲ್ಲಿ ಪೂಜೆ ಕನ್ನಡದಲ್ಲಿಯೇ ನಡೆಯುತ್ತದೆ, ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ. ಎರಡನ್ನೂ ನೋಡಬೇಕೆಂಬುದು ಅಕ್ಕನ ಬಹುದಿನದ ಆಸೆ. ಆಮೇಲೆ ಕಾಫಿ ಮಂಡಳಿಯ ವಸ್ತುಸಂಗ್ರಹಾಲಯ, ಪೇಟೆಯಲ್ಲಿ ಎದುರಿಗೇ ಹುರಿದು ಬೀಸಿಕೊಡುವ ಅಂಗಡಿಯಿಂದ ಅರ್ಧ ಕಿಲೋ ಪುಡಿ, ಊಟ, ಕಡೂರಿನ ಬಸ್ಸು.

ಡಿಸೆಂಬರ್ 28

ಕಡೂರಿನಿಂದ ಹಿಂದಿರುಗುವ ಟಿಕೆಟ್ ವೇಟಿಂಗ್ ಲಿಸ್ಟಿನಲ್ಲಿತ್ತು, ನಿನ್ನೆ ಖಚಿತವಾಯಿತು. ಚಿಕ್ಕಮಗಳೂರಿನಿಂದ ಕಡೂರಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಾದರೂ ನಾನು ಎರಡೂವರೆ ಗಂಟೆ ಮೊದಲೇ ಹೊರಡಿಸುತ್ತಿದ್ದೇನೆ. ಉಳಿದ ಸಮಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕಳೆಯಲಿ.

ಜನವರಿ 3

ಅಕ್ಕ ಎರಡೂ ಚೀಲಗಳನ್ನು ತೂಗಿ ಫೋನು ಮಾಡಿದಳು: ಅವಳದು ನಾಲ್ಕು ಕಿಲೋ ಎಂಟುನೂರು, ಭಾವನವರದು ನಾಲ್ಕು ಆರುನೂರು. ನಾನು ಸಂತೋಷಪಡುವಷ್ಟರಲ್ಲಿಯೇ, "ಬುಧವಾರ ಬೆಳಿಗ್ಗೆ ಹೊರಡೋಕೆ ಮುಂಚೆ ಹಾಸನದ ಸಂತೇಲಿ ಎರಡು ಕೆಜಿ ಸೊಗಡವರೆ ತೆಗೆಸಿಕೊಡೇ, ಬೆಂಗಳೂರಲ್ಲಿ ಆ ವಾಸನೆ ಬರಲ್ಲ" ಎಂದಳು. ಎರಡು ಕಿಲೋ ಅವರೆಕಾಯಿ ಹೊಯ್ಸಳೇಶ್ವರ, ಬಸದಿ, ಚೆನ್ನಕೇಶವ, ರತ್ನಗಿರಿ ಬೋರೆ ಎಲ್ಲವನ್ನೂ ಸುತ್ತಿ ಕಡೂರಿನಲ್ಲಿ ರೈಲು ಹತ್ತಬೇಕು! ಚಿಕ್ಕಮಗಳೂರಿನಲ್ಲಿಯೂ ಸಿಗುತ್ತದೆಯೆಂದರೆ ಒಪ್ಪಲಿಲ್ಲ.

ಮಂಗಳವಾರ ಸಂಜೆ ಮೂವರೂ ಕುಳಿತು ಕಾಯಿ ಬಿಡಿಸುವುದೆಂದು ಒಪ್ಪಂದವಾಗಿದೆ. ಸಿಪ್ಪೆ ಇಲ್ಲಿಯೇ ಉಳಿದರೆ ತೂಕ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಕಾಳನ್ನು ರಾತ್ರಿ ನೆನೆಸಿ ಹಿತುಕಿಬಿಟ್ಟರೆ ಇನ್ನೂ ಇಳಿಯುತ್ತದೆ, ಆದರೆ ಹಿತುಕಿದ ಬೇಳೆ ಎರಡು ದಿನದ ಬಸ್ಸಿನ ಪ್ರಯಾಣವನ್ನು ತಾಳುವುದಿಲ್ಲವಾದ್ದರಿಂದ ಕಾಳನ್ನೇ ಬಟ್ಟೆಯ ಚೀಲದಲ್ಲಿ ಸಡಿಲವಾಗಿ ಕಟ್ಟಿ ಭಾವನವರ ಪಾಲಿಗೆ ಹಾಕಬೇಕು. ಅವರದರಲ್ಲಿ ಇನ್ನೂ ನಾನೂರು ಗ್ರಾಂ ಜಾಗವಿದೆ. ಉಳಿದದ್ದಕ್ಕೆ ಅವರ ಎರಡನೆಯ ಸ್ವೆಟರನ್ನು ಬೆಂಗಳೂರಿನಲ್ಲಿಯೇ ಬಿಟ್ಟುಬರಲು ಹೇಳಿದ್ದೇನೆ.