ಪ್ರಭವ ಸಂವತ್ಸರಕ್ಕೆ ಜಾಗವಿಲ್ಲದ ವಂಶವೃಕ್ಷ

ಶಿರಸಿಯ ನಮ್ಮ ಮನೆಯ ಏಳು ತಲೆಮಾರಿನ ವಂಶವೃಕ್ಷವನ್ನು ನಾನು ವರ್ಷಗಳಿಂದ ತುಂಬಿಸುತ್ತ ಬಂದಿದ್ದ ಜಾಲತಾಣವು ಹೊಸ ವಿನ್ಯಾಸಕ್ಕೆ ಬದಲಾದಾಗಿನಿಂದ, ಅದನ್ನು ತೆರೆದಾಗಲೆಲ್ಲ ಪರರ ಅಡುಗೆಮನೆಯಲ್ಲಿ ಉಪ್ಪಿನ ಭರಣಿ ಹುಡುಕಿದಂತಾಗುತ್ತಿದೆ. ಮೊದಲು ಇಡೀ ವೃಕ್ಷ ಒಂದೇ ಪುಟದಲ್ಲಿ ಕಾಣುತ್ತಿತ್ತು. ಈಗ ಮೂರು ತಲೆಮಾರು ಮಾತ್ರ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ನಮ್ಮಂಥ ಮನೆಗಳಲ್ಲಿ ಯಾವ ಗಣಪತಿ ಯಾರ ಮಗನೆಂಬುದು ಮೇಲಿನ ಕೊಂಬೆ ಕಾಣದೆ ತಿಳಿಯುವುದಿಲ್ಲ.

ಹೆಚ್ಚು ಬೇಸರವಾದದ್ದು ದಿನಾಂಕದ ವಿಷಯದಲ್ಲಿ. ಅಜ್ಜಿಯ ಜನನದ ಬಗ್ಗೆ ನಮ್ಮಲ್ಲಿರುವುದು ಜಾತಕದ ಮಡಿಕೆಯಲ್ಲಿ ಅರ್ಧ ಅಳಿಸಿಹೋದ ‘ಪ್ರಭವ ಸಂ| ಶ್ರಾವಣ ಶು| ಪಂಚಮಿ’ ಎಂಬ ಒಂದು ಸಾಲು (ನಾಗರಪಂಚಮಿಯಂದು ಹುಟ್ಟಿದ್ದು ಅವಳಿಗೆ ಕೊನೆಯವರೆಗೂ ಹೆಮ್ಮೆ). ಹಳೆಯ ತಾಣದಲ್ಲಿ ಅದನ್ನು ಹಾಗೆಯೇ ಬರೆದಿಡಬಹುದಿತ್ತು. ಹೊಸದು ದಿನ, ತಿಂಗಳು, ಇಸವಿ ಕೊಡದ ಹೊರತು ಉಳಿಸಿಕೊಳ್ಳುವುದಿಲ್ಲ. ಸಂವತ್ಸರ ಚಕ್ರ 60 ವರ್ಷಕ್ಕೊಮ್ಮೆ ಮರಳುವುದರಿಂದ ಪ್ರಭವವು 1867, 1927, 1987ರಲ್ಲಿ ಬಂದಿದೆ. ಅಜ್ಜಿಯದು 1927 ಎಂದು ನನಗೆ ಗೊತ್ತು. ಅವಳ ಹಿರಿಯರ ವಿಷಯದಲ್ಲಿ ಹಾಗೆ ಇಸವಿ ಊಹಿಸಿ ತುಂಬುವ ಧೈರ್ಯ ನನಗಿಲ್ಲ.

ಸದ್ಯಕ್ಕೆ ಎಲ್ಲವನ್ನೂ ಜೆಡ್‌ಕಾಮ್ (GEDCOM, ವಂಶವೃಕ್ಷದ ಮಾಹಿತಿಯನ್ನು ಇಡುವ ಮಾದರಿ) ಕಡತವಾಗಿ ಇಳಿಸಿಕೊಂಡಿದ್ದೇನೆ. ಅದು ಬರಿಯ ಪಠ್ಯವಾದ್ದರಿಂದ ಬೇರೆ ತಂತ್ರಾಂಶದಲ್ಲೂ ತೆರೆಯುತ್ತದೆ. ಅದರ ಟಿಪ್ಪಣಿಯಲ್ಲಿ ಪ್ರಭವ ಹಾಗೆಯೇ ಇದೆ.